ಈದ್ ಖಲಾಸ್

ಹೇಳುತ್ತೇನೆ ಎಂದು ಆಲ್ಫೋನ್ಸ್ ಮಾತು ಕೊಟ್ಟಿದ್ದ. ಕೊಟ್ಟು ಎಂಟು ವರ್ಷವಾಯಿತೋ ಒಂಬತ್ತೋ. ಮಗಳು ಲವಿಟಾ ಆಗ ಎರಡನೇ ಕ್ಲಾಸಿನಲ್ಲಿದ್ದಳು, ಗಲ್ಫಿನ ಈ ಊರಿನ ಖಾಲಿದಿಯಾದಲ್ಲಿ ಅವನು ಕೆಲಸ ಮಾಡುವ ಬೇಟೆ ಸಾಮಾನಿನ ಅಂಗಡಿಯ ಗಾಜಿನ ಕೌಂಟರಿಗೆ ಇನ್ನೂ ಗೀರು ಬಿದ್ದಿರಲಿಲ್ಲ. ಆ ದಿನ ಹಳೆಯ ಅರಬ ಗಿರಾಕಿ ಬು ಹಮದ್ ಏನನ್ನೂ ಕೊಳ್ಳಲು ಬಂದಿರಲಿಲ್ಲ. ಯಾವುದೋ ದೇಶದ ಬೆಟ್ಟದಲ್ಲಿ ಅವರು ಹೊಡೆದ ಜಿಂಕೆ ಗಾಯ ಹೊತ್ತುಕೊಂಡು ಕಾಡು ಸೇರಿತ್ತು. ಎರಡು ದಿನ ರಕ್ತದ ಜಾಡು ಹಿಡಿದು ಹುಡುಕಿ, ಸಿಗದೆ, ವಿಮಾನ ಇಳಿದವರು ಮನೆಗೂ ಹೋಗದೆ ನೇರ ಇಲ್ಲಿಗೆ ಬಂದು ಕೂತಿದ್ದರು. ಗುಂಡಿನ ತಪ್ಪಲ್ಲ, ಕೋವಿಯ ತಪ್ಪಲ್ಲ, ಕೈಯದು ಎಂದರು, ಇಲ್ಲಿಯ ಮುದುಕರೆಲ್ಲ ಇಂಡಿಯಾದವರೊಡನೆ ಆಡುವ ಮುರುಕು ಹಿಂದಿಯಲ್ಲಿ. ಕೈ ಹೋಗುವುದು ಕೈಯ ಯಜಮಾನನಿಗೆ ಎಲ್ಲರಿಗಿಂತ ಕೊನೆಗೆ ಗೊತ್ತಾಗುವುದು. ಮಕ್ಕಳು ಹೇಳುವುದಿಲ್ಲ, ಯಾಕೆಂದರೆ ನಾನು ತಂದೆ. ಡ್ರೈವರ್ ಹೇಳುವುದಿಲ್ಲ, ಅವನ ವೀಸಾ ನನ್ನ ಹೆಸರಲ್ಲಿದೆ. ನೀನು ನನಗೆ ಏನೂ ಅಲ್ಲ, ಅದಕ್ಕೇ ನೀನು ಹೇಳು. ಈ ಕೈ ನಡುಗುವ ದಿನ ಹೇಳು, ಆ ದಿನ ಕೋವಿಗೆ ತೋಟೆ ಕೊಡಬೇಡ. ಆಲ್ಫೋನ್ಸ್ ಇನ್ಶಾಅಲ್ಲಾ ಎಂದ. ಆಗುವುದಿಲ್ಲ ಎನ್ನಲಾಗದ ಕಡೆಯಲ್ಲೆಲ್ಲ ಅವನು ವರ್ಷಗಳಿಂದ ಬಳಸುತ್ತಿದ್ದ ಮಾತು ಅದು. ಬು ಹಮದ್ ಗಾಜಿನ ಮೇಲಿದ್ದ ಅವನ ಕೈಯನ್ನು ಅದುಮಿ ಹಿಡಿದರು. ಅದು ಅಂಗಡಿಯ ಮಾತು, ಬೇಡ. ನಿನ್ನ ಮಾತಲ್ಲಿ ಹೇಳು ಎಂದರು. ‘ಬೋಲೇಗಾ, ಬಾಬಾ’ ಎಂದ ಆಲ್ಫೋನ್ಸ್. ಹೇಳುತ್ತೇನೆ. ಅವರು ಕೈ ಬಿಟ್ಟ ಮೇಲೂ ಬೆರಳುಗಳ ಗುರುತು ಸ್ವಲ್ಪ ಹೊತ್ತು ಚರ್ಮದ ಮೇಲೆ ಬಿಳಿಚಿಕೊಂಡೇ ಇತ್ತು. ಅಷ್ಟು ಗಟ್ಟಿ ಕೈ.

ಬಕ್ರೀದಿನ ರಜೆ ಮುಗಿದು ಅಂಗಡಿ ತೆರೆದ ಮೂರನೆಯ ದಿನ ಆ ಕೈಯಲ್ಲಿದ್ದ ಗಾವಾದ, ಅರಬಿ ಕಾಫಿಯ, ಪುಟ್ಟ ಬಟ್ಟಲು ಅಲುಗಿತು. ಇಲ್ಲಿಯ ಕ್ರಮ ಆಲ್ಫೋನ್ಸನಿಗೆ ಗೊತ್ತು, ಗಾವಾ ಹೊಯ್ಯುವ ಉಸ್ಮಾನನಿಗೂ ಗೊತ್ತು: ಬಟ್ಟಲು ಬರಿದಾಗುತ್ತಲೇ ಹೊಯ್ಯುವವನು ಮತ್ತೆ ತುಂಬಬೇಕು, ಸಾಕು ಎನ್ನುವವರು ಬಾಯಿಬಿಟ್ಟು ಹೇಳುವುದಿಲ್ಲ, ಬಟ್ಟಲನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲುಗಿಸುತ್ತಾರೆ. ಬು ಹಮದ್ ಯಾವತ್ತೂ ಮೂರು ಬಟ್ಟಲು ಕುಡಿಯುವವರು. ಉಸ್ಮಾನ್ ಮೊದಲ ಬಟ್ಟಲು ಹೊಯ್ದ, ಅವರು ಕುಡಿದರು, ಎರಡನೆಯದಕ್ಕೆ ಬಟ್ಟಲು ಮುಂದೆ ಚಾಚಿದರು, ಚಾಚಿದ ಬಟ್ಟಲು ಅಲುಗಿತು. ಉಸ್ಮಾನ್ ತಲೆಬಾಗಿ ಅದನ್ನು ಗೌರವದಿಂದ ಇಸಿದುಕೊಂಡು ಒಳಗೆ ಹೋದ. ಅವರ ಕೈ ಒಂದು ಕ್ಷಣ ಹಾಗೇ ಗಾಳಿಯಲ್ಲಿ ಉಳಿಯಿತು, ಏನನ್ನೋ ಕೇಳಲು ಎತ್ತಿದ ಹಾಗೆ. ಆಮೇಲೆ ಅವರು ಅದನ್ನು ಬಿಳಿಯ ಉದ್ದಂಗಿ ಕಂದೂರದ ಮಡಿಲಲ್ಲಿ ಇಟ್ಟುಕೊಂಡು, ಅದರ ಮೇಲೆ ಇನ್ನೊಂದು ಕೈ ಇಟ್ಟರು. ಕರೆದು ಇನ್ನೊಂದು ಬಟ್ಟಲು ಕೇಳಬಹುದಿತ್ತು. ಕೇಳಲಿಲ್ಲ. ಆಲ್ಫೋನ್ಸ್ ಕೂಡಲೇ ಬೆನ್ನು ತಿರುಗಿಸಿ, ಕಪಾಟಿನಲ್ಲಿ ಸರಿಯಾಗಿಯೇ ಇದ್ದ ಪೆಟ್ಟಿಗೆಗಳನ್ನು ಮತ್ತೆ ಸರಿಮಾಡತೊಡಗಿದ. ತಾನು ನೋಡಿದ್ದನ್ನು ಅವರು ನೋಡಿದರೋ ಇಲ್ಲವೋ ಎಂದು ಅವನಿಗೆ ಗೊತ್ತಾಗಲಿಲ್ಲ. ನೋಡಿರಬಾರದು ಎಂದು ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಬೆನ್ನ ಹಿಂದೆ ಅವರು ಕಝಕಸ್ತಾನದ ಮಾತು ತೆಗೆದಿದ್ದರು. ಮುಂದಿನ ವಾರ ಹೊರಡುವುದು, ದೊಡ್ಡ ಕೊಂಬಿನ ಗಂಡು ಜಿಂಕೆಗಳು ಈಗ ಹೆಣ್ಣಿಗಾಗಿ ಬೆಟ್ಟದಿಂದ ಬೆಟ್ಟಕ್ಕೆ ಕೂಗುವ ಕಾಲ. ಮೊದಲಿನಂತೆ ಹತ್ತಿ ಇಳಿದು ಹತ್ತಿರ ಹೋಗಲು ಮಂಡಿ ಬಿಡುವುದಿಲ್ಲ. ಕುದುರೆಯ ಮೇಲೆ ಒಂದು ಬೆಟ್ಟದ ಹೆಗಲಿನವರೆಗೆ ಹೋಗಿ ಅಲ್ಲಿಂದಲೇ ಆಚೆ ಬೆಟ್ಟಕ್ಕೆ ಹೊಡೆಯಬೇಕು. ನಾನೂರು, ಐನೂರು ಮೀಟರು. ಹಳೆಯ ಮುನ್ನೂರು ಮ್ಯಾಗ್ನಂ ಕೋವಿ ಭುಜಕ್ಕೆ ಒದೆಯುತ್ತದೆಂದು ಹಿರಿಮಗ ಹಮದ್ ಹೊಸದೊಂದು ರೈಫಲ್ ತಂದುಕೊಟ್ಟಿದ್ದಾನೆ, ಆರೂವರೆ ಮಿಲಿಮೀಟರಿನದು, ಮಗುವಿನಂತೆ ಹಗುರ. ಅದಕ್ಕೆ ಯಾವ ತೋಟೆ ಒಳ್ಳೆಯದು, ಯಾವ ಗುಂಡು? ಮಕ್ಕಳು ಕಂಪ್ಯೂಟರಿನಲ್ಲಿ ನೋಡಿ ಏನೇನೋ ಹೇಳುತ್ತಾರೆ, ನೀನು ಹೇಳು ಎಂದರು.

ನೀನು ಹೇಳು. ಆ ಎರಡು ಶಬ್ದ ಕಿವಿಗೆ ಬಿದ್ದು ಆಲ್ಫೋನ್ಸನ ಕೈ ಪೆಟ್ಟಿಗೆಯ ಮೇಲೆ ಹಾಗೇ ನಿಂತಿತು. ತಿರುಗಿ ನೋಡಿದರೆ ಅವರು ಸುಮ್ಮನೆ ಕೇಳುತ್ತಿದ್ದರು, ಕಣ್ಣಲ್ಲಿ ಬೇರೆ ಏನೂ ಇರಲಿಲ್ಲ. ಹಳೆಯ ಮಾತು ಅವರಿಗೆ ನೆನಪಿದೆಯೇ? ಇದ್ದರೆ ಇದು ಪರೀಕ್ಷೆ. ಇಲ್ಲದಿದ್ದರೆ ಆ ಮಾತು ಈಗ ತನ್ನೊಬ್ಬನದೇ. ಕೇಳಿದವರೇ ಮರೆತ ಮಾತನ್ನು ಉಳಿಸಿಕೊಂಡರೆಷ್ಟು, ಬಿಟ್ಟರೆಷ್ಟು? ಹೀಗೆ ಯೋಚಿಸುತ್ತಲೇ ಅವನ ಕೈಗಳು ಮೂರು ಪೆಟ್ಟಿಗೆ ತೆಗೆದು ಗಾಜಿನ ಮೇಲಿಟ್ಟವು, ಪ್ರತಿಯೊಂದರಿಂದ ಒಂದೊಂದು ತೋಟೆ ಹೊರಗೆ ತೆಗೆದವು. ಕೈಗಳಿಗೆ ಕೆಲಸ ಗೊತ್ತಿತ್ತು, ಅವನು ಬೇಕಿರಲಿಲ್ಲ. ಊರಲ್ಲಿ, ಬೆಂದೂರಿನ ದರ್ಜಿ ಅಂಗಡಿಯಲ್ಲಿ ಅಪ್ಪನ ಕೈಗಳೂ ಹೀಗೇ, ಮಾತಾಡುತ್ತ ಮಾತಾಡುತ್ತ ಸೂಜಿಗೆ ನೂಲು ಪೋಣಿಸುತ್ತಿದ್ದವು. ಪಾದ್ರಿಗಳ ನಿಲುವಂಗಿ, ಮೊದಲ ಕೊಮುನ್ಯಾಂವ್, ಪರಮಪ್ರಸಾದ, ತಗೊಳ್ಳುವ ಮಕ್ಕಳ ಬಿಳಿ ಕೋಟು, ಎಲ್ಲ ಅಪ್ಪನದೇ ಹೊಲಿಗೆ. ಒಂದು ವರ್ಷ ಹೊಲಿಯಲು ಕೋಟುಗಳು ಬರಲಿಲ್ಲ. ರೆಡಿಮೇಡಿನ ಕಾಲ ಎಂದರು ಅಪ್ಪ. ಇಗರ್ಜಿಯ ವಾರ್ಡಿನ ಮುಖಂಡ, ಗುರ್ಕಾರ, ದಾರಿಯಲ್ಲಿ ಸಿಕ್ಕರೆ ಎಂತ ಪೊರ್ಬುಗಳೇ ಆರಾಮಾ ಎಂದು ಎಂದಿಗಿಂತ ಜೋರಾಗಿ ಕೇಳಿ, ಎಂದಿಗಿಂತ ಬೇಗ ಹೋಗಿಬಿಡುತ್ತಿದ್ದ. ಹೊಲಿಗೆ ಕೆಟ್ಟಿದೆ ಎಂದು ಯಾರೂ ಹೇಳಲಿಲ್ಲ. ಗಲ್ಫಿಗೆ ಹೊರಟ ಮಗನಿಗೆಂದು ಅಪ್ಪ ಹೊಲಿದ ಅಂಗಿಯ ಕಾಲರಿನ ಒಂದು ತುದಿ ಇನ್ನೊಂದಕ್ಕಿಂತ ಉದ್ದವಾಗಿತ್ತು. ಅಪ್ಪ ದೂರ ನಿಂತು, ಕಣ್ಣು ಕಿರಿದು ಮಾಡಿ, ಸಮ ಉಂಟಾ ಎಂದು ಕೇಳಿದ್ದರು. ಸಮ ಉಂಟು ಎಂದು ಆಲ್ಫೋನ್ಸ್ ಅದನ್ನೇ ತೊಟ್ಟು ಬಸ್ಸು ಹತ್ತಿದ, ಬೊಂಬಾಯಿಯ ಲಾಜ್ಜಿನಲ್ಲಿ ಬಿಚ್ಚಿ ಪೆಟ್ಟಿಗೆಯ ಅಡಿಗೆ ಹಾಕಿದ.

ಇದು ಬೇಡ ಬಾಬಾ, ಎಂದು ಮೊದಲ ತೋಟೆಯನ್ನು ಪಕ್ಕಕ್ಕಿಟ್ಟ. ಇದು ಪಂದ್ಯದವರ ಗುಂಡು, ಕಾಗದದ ಗುರಿಗೆ. ನೇರ ಹೋಗುವುದೇನೋ ಇದರಷ್ಟು ನೇರ ಬೇರೆ ಯಾವುದೂ ಹೋಗದು, ಆದರೆ ಮೈಯೊಳಗೆ ಹೋದಮೇಲೆ ಇದು ಏನು ಮಾಡುತ್ತದೆ ಎಂದು ದೇವರಿಗೇ ಗೊತ್ತು. ಒಮ್ಮೆ ಚೂರಾಗುತ್ತದೆ, ಒಮ್ಮೆ ಸೂಜಿಯಂತೆ ಆಚೆ ದಾಟುತ್ತದೆ. ಎರಡನೆಯದು ಪೂರ್ತಿ ತಾಮ್ರ. ಹತ್ತಿರದಿಂದಾದರೆ ಬಹಳ ಒಳ್ಳೆಯದು, ನಾಲ್ಕು ಎಸಳಾಗಿ ಅರಳುತ್ತದೆ. ಆದರೆ ಅರಳಲು ಅದಕ್ಕೆ ವೇಗ ಬೇಕು, ಐನೂರು ಮೀಟರು ಹೋಗುವಷ್ಟರಲ್ಲಿ ಗುಂಡು ದಣಿದಿರುತ್ತದೆ, ದಣಿದ ಗುಂಡು ಅರಳುವುದಿಲ್ಲ, ಸಣ್ಣ ತೂತು ಮಾಡಿ ಹೋಗುತ್ತದೆ, ಪ್ರಾಣಿ ಆ ತೂತು ಹೊತ್ತುಕೊಂಡು ಓಡುತ್ತದೆ. ಬು ಹಮದ್ ತಲೆಯಾಡಿಸಿದರು. ಪ್ರಾಣಿ ಓಡುತ್ತದೆ ಎಂಬಲ್ಲಿ ಅವರ ಮುಖ ಒಂದಿಷ್ಟು ಬಿಗಿಯಿತು. ಮೂರನೆಯದು ಇದು, ಎಂದ ಆಲ್ಫೋನ್ಸ್. ನೂರ ನಲವತ್ತಮೂರು ಗ್ರೇನ್ ತೂಕ, ತುದಿಗೆ ಪ್ಲಾಸ್ಟಿಕ್ಕಿನ ಚೂಪು, ಒಳಗೆ ಸೀಸ, ಹೊರಗೆ ತೆಳ್ಳಗೆ ತಾಮ್ರದ ಕವಚ. ದೂರದಲ್ಲಿ ವೇಗ ಇಳಿದಮೇಲೂ ಅರಳುತ್ತದೆ. ಉದ್ದ ಮೂತಿಯ ಗುಂಡಾದ್ದರಿಂದ ಗಾಳಿಗೆ ಜಾಸ್ತಿ ಬಗ್ಗುವುದಿಲ್ಲ. ಒದೆತ ಕಡಿಮೆ.

ಒದೆತ ಕಡಿಮೆ ಎಂದು ಹೇಳುವಾಗ ಅವನಿಗೆ ತನ್ನ ದನಿ ಬದಲಾದದ್ದು ಕೇಳಿಸಿತು. ನರ್ಸ್ ಆಗಿರುವ ಹೆಂಡತಿ ತೆರೆಸಾ ತನ್ನ ಆಸ್ಪತ್ರೆಯ ಪೇಶಂಟುಗಳೊಡನೆ ಫೋನಿನಲ್ಲಿ ಮಾತಾಡುವ ದನಿ ಅದು. ಇಷ್ಟು ಹೊತ್ತು ತಾನು ಮಾಡುತ್ತಿದ್ದುದು ಏನು? ನಡುಗುವ ಕೈಗೆ ಒಗ್ಗುವಂಥ ತೋಟೆ ಹುಡುಕುವುದು. ಒಗ್ಗುವುದು ಯಾವುದೂ ಇರಲಿಲ್ಲ. ಐನೂರು ಮೀಟರಿಗೆ ಈ ಗುಂಡು ಹತ್ತು ವರ್ಷದ ಮಗುವಿನೆತ್ತರ ಕೆಳಗಿಳಿಯುತ್ತದೆ, ಅದಕ್ಕೆ ಕೋವಿಯ ದುರ್ಬೀನಿನಲ್ಲಿ ಲೆಕ್ಕವಿದೆ. ಎಲೆ ಅಲುಗಿಸುವ ಗಾಳಿ ಒಂದು ಗೇಣು ಪಕ್ಕಕ್ಕೆ ತಳ್ಳುತ್ತದೆ, ಅದಕ್ಕೂ ಲೆಕ್ಕವಿದೆ. ಈ ತುದಿಯಲ್ಲಿ ನಳಿಕೆ ಅಕ್ಕಿಕಾಳಿನ ದಪ್ಪ ನಡುಗಿದರೆ ಆ ತುದಿಯಲ್ಲಿ ಹತ್ತಿರಹತ್ತಿರ ಒಂದು ಮಾರು. ಎದೆಗೆ ಎಂದು ಇಟ್ಟದ್ದು ಹೊಟ್ಟೆಗೆ ಹೋದೀತು, ಕಾಲಿಗೆ ಹೋದೀತು. ಯಾವ ಕಾರ್ಖಾನೆಯೂ ಅದಕ್ಕೆ ತೋಟೆ ಮಾಡಿರಲಿಲ್ಲ. ಇದು ಅವನಿಗಿಂತ ಚೆನ್ನಾಗಿ ಬು ಹಮದರಿಗೇ ಗೊತ್ತು. ಅವನಿಗೆ ಇದನ್ನೆಲ್ಲ ಕಲಿಸಿದವರೇ ಅವರು. ಈ ದೇಶದಲ್ಲಿ ಅವನು ಒಂದೇ ಒಂದು ಸಲ ಕೂಡ ಟ್ರಿಗರ್ ಒತ್ತಿದವನಲ್ಲ. ಬಂದ ಹೊಸತರಲ್ಲಿ ತೋಟೆಯ ಹೆಸರಿನ ಅಂಕೆಗಳನ್ನು ಬಾಯಿಪಾಠ ಮಾಡಿ ಗಿಣಿಯಂತೆ ಒಪ್ಪಿಸುತ್ತಿದ್ದವನನ್ನು ಕೂರಿಸಿಕೊಂಡು, ಅರಳಿದ ಗುಂಡು, ಅರಳದ ಗುಂಡು ಎರಡನ್ನೂ ಅಂಗೈಯಲ್ಲಿಟ್ಟು, ನೀನು ಮಾರುವುದು ಸಾವು, ಅದು ಬೇಗ ಬರುವ ಹಾಗೆ ಮಾರು ಎಂದಿದ್ದರು. ಲವಿಟಾಳನ್ನು ವೀಟಾ ಎಂದು ಹೆಸರು ಹಿಡಿದು ವಿಚಾರಿಸುವ ಗಿರಾಕಿ ಅವರೊಬ್ಬರೇ. ಅವಳ ಗಣಿತದ ಮಾರ್ಕು ಕೂಡ ಅವರಿಗೆ ಗೊತ್ತಿತ್ತು.

ಒಳಗಿನ ಕೋಣೆಯಿಂದ ಮ್ಯಾನೇಜರ್ ನಿಝಾಮುದ್ದೀನ್ ಹೊರಗೆ ಬಂದ. ಭಟ್ಕಳದವನು, ಇಲ್ಲಿಯ ಕ್ರಮದಂತೆ ಬು ಹಮದರ ಭುಜಕ್ಕೆ ಮೂಗು ತಾಗಿಸಿ ಈದಿನ ಶುಭಾಶಯ ಹೇಳಿ, ಕೌಂಟರಿನ ಬದಿಗೆ ಬಂದು ಕನ್ನಡದಲ್ಲಿ, ನಗು ಮುಖದಲ್ಲೇ ಇಟ್ಟುಕೊಂಡು ಕೇಳಿದ: ‘ಎಂತ ಆಲ್ಫೋನ್ಸ್, ಕೈಯಲ್ಲಿ ತೋಟೆ ಹಿಡ್ಕೊಂಡು ಪ್ರಾರ್ಥನೆಯಾ? ಮುದುಕ ಕಾಯ್ತಾ ಕೂತಿದಾನೆ.’

‘ಅವ್ರ ಕೈ ನೋಡಿದ್ರಾ ಸಾಹೇಬ್ರೇ?’

‘ನೋಡಿದೆ.’ ನಿಝಾಮುದ್ದೀನನ ನಗು ಹಾಗೇ ಇತ್ತು. ‘ನಮ್ಮ ಅಬ್ಬಾನದ್ದೂ ನಡುಗ್ತಿತ್ತು. ವಯಸ್ಸಾದ್ಮೇಲೆ ಎಲ್ಲರದ್ದೂ ನಡುಗ್ತದೆ ಮಾರಾಯಾ. ನಾವೇನು ಡಾಕ್ಟ್ರಾ? ಮಗ ಕಳಿಸ್ತಾ ಇದಾನೆ, ಕುದುರೆ ಉಂಟು, ಗೈಡ್ ಉಂಟು. ನೀನ್ಯಾಕೆ ಮಧ್ಯ ತಲೆ ಹಾಕೋದು?’ ಅಷ್ಟು ಹೇಳಿ ಬು ಹಮದರ ಕಡೆ ತಿರುಗಿ ಅರಬಿಯಲ್ಲಿ ಏನೋ ತಮಾಷೆ ಮಾಡಿ ಒಳಗೆ ಹೋದ.

ಬು ಹಮದರ ಡ್ರೈವರ್ ಅಲಿಕುಂಞಿ ಹೊರಗೆ ಕಾರಿನಲ್ಲಿದ್ದ, ಉಸ್ಮಾನ್ ಒಳಗೆ ಬಟ್ಟಲು ತೊಳೆಯುತ್ತಿದ್ದ. ಅಂಗಡಿಯಲ್ಲಿ ಈಗ ಇಬ್ಬರೇ. ಹೇಳುವುದಾದರೆ ಈಗ. ಆಲ್ಫೋನ್ಸ್ ತೋಟೆಯನ್ನು ಗಾಜಿನ ಮೇಲಿಟ್ಟ. ಹಿಂದಿ ಬೇಡ ಎನ್ನಿಸಿತು ಅವನಿಗೆ. ಹಿಂದಿ ಎಂದರೆ ಸಾಮಾನು ಇಳಿಸುವವರ, ಚಹಾ ತರಿಸುವವರ ಭಾಷೆ. ಇಂಥ ಮಾತನ್ನು ಒಬ್ಬ ಮನುಷ್ಯನಿಗೆ ಅವನ ಸ್ವಂತ ಭಾಷೆಯಲ್ಲಿ ಹೇಳಬೇಕು, ಅದೇ ಮರ್ಯಾದೆ. ಆದರೆ ಇಷ್ಟು ವರ್ಷದಲ್ಲಿ ಅವನಿಗೆ ಬಂದ ಅರಬಿ ಅಂಗಡಿಯಷ್ಟೇ ಅಗಲದ್ದು: ಒಳ್ಳೆಯದು, ಇಲ್ಲ, ನಾಳೆ, ಮುಗಿಯಿತು. ಮೆಲ್ಲಗೆ ಹೇಳುವ ಶಬ್ದ ಒಂದೂ ಇರಲಿಲ್ಲ. ಕೈ ಎನ್ನುವುದಕ್ಕೆ ಇಲ್ಲಿಯವರು ಏನನ್ನುತ್ತಾರೆ? ಅದು ನೆನಪಾಯಿತು. ಅವನು ಮುಂದಕ್ಕೆ ಬಾಗಿ, ಪಾಪನಿವೇದನೆಗೆ ಮೊಣಕಾಲೂರಿದವನಂತೆ ದನಿ ತಗ್ಗಿಸಿ, ಅಂದ: ‘ಬಾಬಾ. ಈದ್ ಖಲಾಸ್.’

ಬು ಹಮದ್ ಅವನ ಮುಖ ನೋಡಿದರು. ಆಮೇಲೆ ಅವರ ಮುಖ ನಿಧಾನಕ್ಕೆ ಬಿಚ್ಚಿಕೊಂಡಿತು, ಗಡ್ಡದ ನಡುವೆ ಹಲ್ಲು ಕಂಡವು. ಐವಾ, ಈದ್ ಖಲಾಸ್, ಎಂದು ಅವರೂ ಅಂದರು. ಹೌದು, ಹಬ್ಬ ಮುಗಿಯಿತು. ಮೊಮ್ಮಕ್ಕಳ ಗಲಾಟೆ ಮುಗಿಯಿತು, ನೆಂಟರು ಹೋದರು, ಕುರಿಗಳೂ ಖಲಾಸ್. ಇನ್ನು ಬೆಟ್ಟ, ನಾನು, ಕುದುರೆ. ಅವರು ಹಬ್ಬ ಎಂದಾಗಿನ ಈದ್ ಗಂಟಲಿನ ತೀರ ಆಳದಿಂದ ಎದ್ದು ಬಂತು, ಬಾವಿಯಿಂದ ಕೊಡ ಎಳೆದ ಹಾಗೆ. ಆಲ್ಫೋನ್ಸನದು ಬರೀ ಬಾಯಿಯದು. ಅವನ ಬಾಯಲ್ಲಿ ಹಬ್ಬವೂ ಕೈಯೂ ಒಂದೇ ಆಗಿತ್ತು ಎಂಬುದು ಅವನಿಗೆ ಆ ಕ್ಷಣದಲ್ಲೇ ತಿಳಿಯಿತು. ಕೈಗೆ ಹಿಂದಿಯ ಹಾಥ್ ಎಂಬ ಶಬ್ದ ನಾಲಗೆಯ ತುದಿಯಲ್ಲೇ ಇತ್ತು. ಎಂಟು ವರ್ಷದ ಹಿಂದೆ ಮಾತು ಕೊಟ್ಟದ್ದೂ ಅದೇ ಭಾಷೆಯಲ್ಲಿ. ಹಬ್ಬ ಅಲ್ಲ ಬಾಬಾ, ಹಾಥ್ ಎಂದು ಅವರ ಕೈ ತೋರಿಸಿದರೆ ಮುಗಿಯಿತು. ಅವರು ನಗುತ್ತಿದ್ದರು. ಹೀಗೆ ನಕ್ಕದ್ದನ್ನು ಅವನು ಎಷ್ಟೋ ತಿಂಗಳಿಂದ ನೋಡಿರಲಿಲ್ಲ. ಅವನೂ ನಕ್ಕ. ನಕ್ಕು ಮೂರನೆಯ ಪೆಟ್ಟಿಗೆಯನ್ನು ಎತ್ತಿಕೊಂಡ. ಎಷ್ಟು ಪೆಟ್ಟಿಗೆ ಎಂದು ಕೇಳಿದ. ಹೊಸ ಕೋವಿಗೆ ಗುರಿ ಕೂಡಿಸಲು ಎರಡು, ಬೆಟ್ಟಕ್ಕೆ ಒಂದು, ಎಂದರು ಅವರು. ಲೈಸೆನ್ಸ್ ಕಾರ್ಡು ತೆಗೆಯುವಾಗ ಅದು ಗಾಜಿನ ಮೇಲೆ ಟಕಟಕ ಬಡಿದು ಕೆಳಗೆ ಬಿತ್ತು, ಆಲ್ಫೋನ್ಸ್ ಅವರಿಗಿಂತ ಮೊದಲು ಬಾಗಿ ಅದನ್ನು ಎತ್ತಿಕೊಂಡ.

ಬಾಗಿಲವರೆಗೆ ಕಳಿಸಿಕೊಡಲು ಹೋದಾಗ ಹೊರಗಿನ ಬಿಸಿ ಆವಿಗೆ ಅವನ ಕನ್ನಡಕ ಮಂಜಾಗಿ ಏನೂ ಕಾಣಲಿಲ್ಲ. ಕಾರಿನ ಬಾಗಿಲು ಹಾಕಿದ ಸದ್ದು ಮಾತ್ರ ಕೇಳಿತು.

ಹೇಳಿದ್ದೇನಲ್ಲ, ಎಂದುಕೊಂಡ ಸಂಜೆ, ಮುಸಫ್ಫಾ ಸೇತುವೆಯ ಮೇಲೆ ಸಾಲುಗಟ್ಟಿದ ಕಾರುಗಳ ನಡುವೆ. ಹೇಳುತ್ತೇನೆ ಎಂದಿದ್ದೆ, ಹೇಳಿದೆ. ಅವರು ಹೇಗೆ ಕೇಳಿಸಿಕೊಂಡರು ಎಂಬುದಕ್ಕೆ ನಾನು ಜವಾಬ್ದಾರನೇ? ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಟ್ಯೂಷನ್ ಮುಗಿಸಿ ರಸ್ತೆಬದಿಗೆ ನಿಂತಿದ್ದ ಲವಿಟಾ ಕಾರು ಹತ್ತಿ, ಬ್ಯಾಗು ಕಾಲ ಬಳಿ ಹಾಕಿ, ಫೋನು ನೋಡತೊಡಗಿದಳು. ಶಾಲೆಯಲ್ಲಿ ಅವಳಿಗೆ ಅರಬಿ ಕಡ್ಡಾಯ. ಆಲ್ಫೋನ್ಸ್ ಸಿಗ್ನಲ್ಲಿನಲ್ಲಿ ನಿಂತಾಗ, ಕೈಗೆ ಅರಬಿಯಲ್ಲಿ ಏನು ಎಂದು ಕೊಂಕಣಿಯಲ್ಲಿ ಕೇಳಿದ. ಪುಸ್ತಕದಲ್ಲಿ ಯದ್, ಇಲ್ಲಿಯ ಜನ ಈದ್ ಅನ್ನುತ್ತಾರೆ ಎಂದಳು ಇಂಗ್ಲಿಷಿನಲ್ಲಿ, ಫೋನಿನಿಂದ ಕಣ್ಣೆತ್ತದೆ. ಅವನು ಈದ್ ಎಂದ. ಹಬ್ಬಕ್ಕೆ? ಅದೂ ಈದ್, ಆದರೆ ಬೇರೆ ಎಂದಳು. ಅವನು ಎರಡನ್ನೂ ಒಂದರ ಹಿಂದೆ ಒಂದು ಹೇಳಿದ. ಈಗ ಅವಳು ಕಣ್ಣೆತ್ತಿದಳು.

‘ಡ್ಯಾಡ್, ಯು ಸೆಡ್ ದ ಸೇಮ್ ಥಿಂಗ್ ಟ್ವೈಸ್.’

ತನ್ನ ಗಂಟಲಿನ ಮೇಲೆ ಎರಡು ಬೆರಳಿಟ್ಟು ತೋರಿಸಿದಳು: ಇಲ್ಲಿಂದ, ವಾಂತಿ ಬರುವಾಗ ಆಗುತ್ತದಲ್ಲ, ಆ ಜಾಗದಿಂದ. ಆಲ್ಫೋನ್ಸ್ ಪ್ರಯತ್ನಿಸಿದ. ಕೆಮ್ಮು ಬಂತು. ಅವಳು ನಕ್ಕು ನಕ್ಕು ಸೀಟಿನಲ್ಲಿ ಮಡಚಿಕೊಂಡಳು. ಹಿಂದಿನ ಕಾರಿನವನು ಹಾರ್ನ್ ಬಾರಿಸಿದ. ಇಷ್ಟು ವರ್ಷ ನಿನ್ನ ಗಿರಾಕಿಗಳು ಏನು ಅರ್ಥ ಮಾಡಿಕೊಂಡಿರಬಹುದು ಎಂದಳು. ಅವನಿಗೂ ನಗು ಬಂತು, ಬಂದು ಅರ್ಧದಲ್ಲಿ ನಿಂತಿತು. ಸಿಗ್ನಲ್ ಹಸಿರಾಗಿತ್ತು. ಬೆಳಿಗ್ಗೆ ಅರಬಿಯನ್ನು ಆರಿಸಿದ್ದು ನಿಜವಾಗಿಯೂ ಮರ್ಯಾದೆಗೋ? ಈ ಎರಡು ಈದ್‌ಗಳ ವಿಷಯ ತನಗೆ ಗೊತ್ತೇ ಇರಲಿಲ್ಲವೋ? ಈದಿನ ರಜೆ ಮುಗಿದ ಮೂರನೆಯ ದಿನ, ಇಡೀ ಊರು ಇನ್ನೂ ಈದ್ ಈದ್ ಎನ್ನುತ್ತಿರುವಾಗ, ಈದ್ ಖಲಾಸ್ ಎಂದರೆ ಯಾರಾದರೂ ಏನೆಂದು ತಿಳಿಯುತ್ತಾರೆ ಎಂಬುದು ಅಷ್ಟೂ ಹೊಳೆಯದ ದಡ್ಡನೇ ತಾನು? ತನ್ನೊಳಗೇ ಯಾರೋ ಒಬ್ಬ, ಗುರಿ ತಪ್ಪಲೆಂದೇ ಆ ಶಬ್ದವನ್ನು ಆರಿಸಿ ಕೈಗೆ ಕೊಟ್ಟಿರಬಹುದು. ಊರಲ್ಲಿ ಕೋವಿಯ ಒಂದು ಹೊಡೆತಕ್ಕೆ ಈಡು ಎನ್ನುತ್ತಾರೆ. ಒತ್ತೆ ಇಟ್ಟದ್ದಕ್ಕೂ ಈಡು ಎನ್ನುತ್ತಾರೆ. ಮಾತು ಒತ್ತೆ ಇಟ್ಟದ್ದು, ಹೊಡೆತ ತಪ್ಪಿಸಿದ್ದು.

ಮನೆಯಲ್ಲಿ ತೆರೆಸಾ ಡ್ಯೂಟಿ ಮುಗಿಸಿ ಬಂದು, ಯೂನಿಫಾರ್ಮಿನಲ್ಲೇ ಅಡುಗೆಕೋಣೆಯ ಸ್ಟೂಲಿನಲ್ಲಿ ಕೂತು ಬಂಗುಡೆಯ ಹೊಟ್ಟೆ ಸೀಳುತ್ತಿದ್ದಳು. ಊದಿದ ಪಾದಗಳನ್ನು ಚಪ್ಪಲಿಯಿಂದ ಹೊರಗೆ ತೆಗೆದು ತಣ್ಣನೆಯ ಟೈಲ್ಸಿನ ಮೇಲೆ ಇಟ್ಟಿದ್ದಳು. ಆಲ್ಫೋನ್ಸ್ ಬಾಗಿಲಿಗೆ ಒರಗಿ, ಬು ಹಮದರ ಕೈಯ ವಿಷಯ ಹೇಳಿದ. ಮಾತು ಕೊಟ್ಟದ್ದನ್ನು ಹೇಳಿದ. ಈದಿನ ವಿಷಯ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಇಂಥದ್ದನ್ನೆಲ್ಲ ಹೇಗೆ ಹೇಳುತ್ತೀರಿ ಎಂದು ಕೇಳಿದ.

‘ಹೇಳುವುದು ಡಾಕ್ಟರು. ನಾವು ಹತ್ತಿರ ನಿಂತಿರ್ತೇವೆ ಅಷ್ಟೇ,’ ಎಂದಳು ತೆರೆಸಾ. ಕರುಳು ತೆಗೆದು ಪಕ್ಕಕ್ಕಿಟ್ಟು, ಮೀನಿನಿಂದ ಕಣ್ಣು ತೆಗೆಯದೆ: ‘ಅರ್ಥ ಆಯ್ತಾ ಅಂತ ಕೇಳ್ಬೇಕು. ಹೇಳಿ ಓಡಿ ಹೋಗುವ ಡಾಕ್ಟರುಗಳು ಇರ್ತಾರೆ. ಆಮೇಲೆ ಆ ಜನ ನಮ್ಮ ಹತ್ರ ಬಂದು ಕೇಳ್ತಾರೆ, ಸಿಸ್ಟರ್, ಅವ್ರು ಎಂತ ಹೇಳಿದ್ದು? ಅಂತ. ನೀನು ಹೇಳಿದ್ಯಾ?’

‘ಹೇಳಿದೆ,’ ಎಂದ ಆಲ್ಫೋನ್ಸ್.

‘ಒಳ್ಳೇದಾಯ್ತು,’ ಎಂದು ಅವಳು ನಲ್ಲಿ ತಿರುಗಿಸಿದಳು. ನೀರಿನ ಸದ್ದಿನಲ್ಲಿ ಇನ್ನೇನೂ ಕೇಳುವ ಹಾಗಿರಲಿಲ್ಲ. ಅವಳ ಬೆನ್ನು ನೋಡುತ್ತ ನಿಂತ. ಹದಿನೇಳು ವರ್ಷದಲ್ಲಿ ಅವಳಿಗೆ ಅವನು ಸುಳ್ಳು ಹೇಳಿದ್ದು ಕಡಿಮೆ. ಹೇಳಲು ಪುರುಸೊತ್ತೇ ಇರಲಿಲ್ಲ, ಒಬ್ಬರು ಬರುವಾಗ ಒಬ್ಬರು ಹೊರಡುವ ಮನೆ. ಇದೂ ಸುಳ್ಳಲ್ಲ. ಅದೇ ಇದರಲ್ಲಿ ಕೆಟ್ಟದ್ದು.

ಆಮೇಲೂ ದಿನಗಳಿದ್ದವು. ಗುರಿ ಕೂಡಿಸಲು ಬು ಹಮದ್ ಮರಳುಗಾಡಿನ ಕಡೆ ಹೋಗಿದ್ದಾರೆ ಎಂದು ಡ್ರೈವರ್ ಅಲಿಕುಂಞಿ ಫೋನಿನಲ್ಲಿ ಹೇಳಿದ. ಮಂಜೇಶ್ವರದವನು, ಬು ಹಮದರ ಮಾತ್ರೆಗಳ ಚೀಲ ಹಿಡಿದು ಈ ಸಲ ಕಝಕಸ್ತಾನಕ್ಕೂ ಹೋಗುವವನಿದ್ದ. ಕೋವಿಯನ್ನು ಮರಳಿನ ಚೀಲದ ಮೇಲೆ ಊರಿ, ಮಗ ಹಮದ್ ಪಕ್ಕದಲ್ಲಿ ಕೂತು ನಳಿಕೆ ಹಿಡಿದುಕೊಂಡು, ಎಲ್ಲ ಚಂದ ಬಿತ್ತು, ಒಂದರ ಮೇಲೆ ಒಂದು, ಮುದುಕ ಖುಷಿಯಲ್ಲುಂಟು ಎಂದ. ಮಗ ಹಿಡಿದುಕೊಂಡದ್ದು ಬಾಬಾರಿಗೆ ಗೊತ್ತುಂಟಾ ಎಂದು ಆಲ್ಫೋನ್ಸ್ ಕೇಳಿದ. ಗೊತ್ತಿಲ್ಲದೆ ಇರ್ತದಾ ಆಲ್ಫೋನ್ಸಣ್ಣ, ಎಂದ ಅಲಿಕುಂಞಿ. ಗೊತ್ತುಂಟು ಅಂತ ಹೇಳುವವರು ಯಾರು? ನನ್ನ ತಂಗಿಯ ಮದುವೆ ಅವರೇ ಮಾಡಿಸಿದ್ದು. ನೀವೇ ಒಂದು ಮಾತು ಹೇಳಿ, ನಿಮ್ಮ ಮಾತು ಕೇಳ್ತಾರೆ. ಒಮ್ಮೆ ಫೋನು ಅವರ ಕೈಗೆ ಕೊಡು ಎನ್ನಬೇಕೆಂದು ಆಲ್ಫೋನ್ಸ್ ಬಾಯಿ ತೆರೆದ. ಅಷ್ಟರಲ್ಲಿ ಅಂಗಡಿಗೆ ಒಬ್ಬ ಗಿರಾಕಿ ಬಂದ, ಬೂಟು ಕೇಳಿದ. ಹತ್ತು ನಿಮಿಷ ಬಿಟ್ಟು ಮಾಡುತ್ತೇನೆ ಎಂದು ಫೋನು ಇಟ್ಟ. ಗಿರಾಕಿಗೆ ಬೂಟು ಹಿಡಿಸಲಿಲ್ಲ, ಬೇಗ ಹೋದ. ಆಲ್ಫೋನ್ಸ್ ಬಿಚ್ಚಿದ ಬೂಟುಗಳಿಗೆ ಒಂದೊಂದಾಗಿ ಕಾಗದ ತುರುಕಿ, ಲೇಸು ಕಟ್ಟಿ, ಪೆಟ್ಟಿಗೆಗೆ ಹಾಕಿ ಮೇಲಿಟ್ಟ. ಫೋನು ಮಾಡಲಿಲ್ಲ. ಇನ್ನೇನು ಹೊರಟಾಗಿದೆ, ಟಿಕೆಟ್ಟಾಗಿದೆ, ಈಗ ಹೇಳಿದರೆ ಮುದುಕನ ಕೊನೆಯ ಸಂತೋಷ ಕಿತ್ತುಕೊಂಡಂತೆ, ಯಾರ ಹಕ್ಕು ಅದು ಎಂದೆಲ್ಲ ಅನ್ನಿಸತೊಡಗಿತ್ತು. ದಿನ ಕಳೆದಂತೆ ಈ ಮಾತುಗಳು ಹೆಚ್ಚು ಹೆಚ್ಚು ಕರುಣೆಯವಾಗಿ ಕೇಳಿಸಿದವು. ಅಪ್ಪನಿಗೆ ಹೇಳದೇ ಇದ್ದವರಿಗೂ ಹೀಗೇ ಕೇಳಿಸಿರಬೇಕು. ಗುರ್ಕಾರನೂ ಕರುಣೆಯಿಂದಲೇ ಅಷ್ಟು ಜೋರಾಗಿ ಮಾತಾಡಿಸುತ್ತಿದ್ದನೇನೋ.

ಅಕ್ಟೋಬರಿನಲ್ಲಿ, ಬಿಸಿಲು ಸ್ವಲ್ಪ ಇಳಿದ ಒಂದು ಮಧ್ಯಾಹ್ನ, ಅಲಿಕುಂಞಿ ಒಬ್ಬನೇ ಅಂಗಡಿಯೊಳಗೆ ಬಂದ. ಬಾಬಾ ಕಾರಿನಲ್ಲಿದ್ದಾರೆ, ಫೋನಿನಲ್ಲಿ ಮಾತಾಡ್ತಿದ್ದಾರೆ, ಈಗ ಬರ್ತಾರೆ ಎಂದ. ನಿಂತಲ್ಲೇ, ಕೌಂಟರಿನ ಗಾಜಿನ ಮೇಲೆ ಬೆರಳಲ್ಲಿ ಗೆರೆ ಎಳೆಯುತ್ತ, ತಗ್ಗಿದ ದನಿಯಲ್ಲಿ ನಡೆದದ್ದನ್ನು ಹೇಳಿದ. ಮೂರನೆಯ ದಿನ ಜಿಂಕೆ ಸಿಕ್ಕಿತು. ಆಚೆ ಬೆಟ್ಟದಲ್ಲಿ, ಕೊಂಬು ಒಣಮರದ ಹಾಗೆ ಇಷ್ಟಗಲ. ಕೂಗುತ್ತ ನಿಂತಿತ್ತು. ಗೈಡು ನಾನೂರ ಎಂಬತ್ತು ಮೀಟರು ಎಂದ. ಮಗ ಬಂದಿರಲಿಲ್ಲ, ಬಾಬಾ ಗೈಡಿಗೆ ಕೋವಿ ಮುಟ್ಟಲು ಬಿಡಲಿಲ್ಲ. ಒಂದೇ ಈಡು.

‘ದವಡೆಗೆ ಬಿತ್ತು ಆಲ್ಫೋನ್ಸಣ್ಣ. ಕೆಳಗಿನ ದವಡೆ ಇಲ್ಲವೇ ಇಲ್ಲ. ಬಾಬಾ ದುರ್ಬೀನಿನಲ್ಲಿ ನೋಡಿದ್ರು. ಅದು ಓಡ್ಲಿಲ್ಲ, ನಿಂತಲ್ಲೇ ಸ್ವಲ್ಪ ಹೊತ್ತು ನಿಂತು, ಮತ್ತೊಮ್ಮೆ ಕೂಗ್ಲಿಕ್ಕೆ ತಲೆ ಎತ್ತಿತು. ಆಮೇಲೆ ಹೋಯ್ತು.’

ಹುಡುಕಿದರು. ಕುದುರೆಯ ಮೇಲೆ, ಆಮೇಲೆ ನಡೆದು, ಮಂಡಿ ಊರಿ. ಹಿಮ ಬಿದ್ದು ಜಾಡು ಅಳಿಸಿತು. ದವಡೆ ಹೋದದ್ದಕ್ಕೆ ತಕ್ಷಣ ಸಾವಿಲ್ಲ. ಹುಲ್ಲು ಕಾಣುತ್ತದೆ, ತಿನ್ನಲಾಗುವುದಿಲ್ಲ. ಎಷ್ಟು ದಿನ ಬದುಕಿರುತ್ತದೆ ಎಂದು ಬಾಬಾ ಗೈಡಿನೊಡನೆ ಕೇಳಿದರು. ಅವನು ಗೊತ್ತಿಲ್ಲ ಎಂದ. ಬಂದಮೇಲೆ ಬಾಬಾ ಅನ್ನ ಸರಿಯಾಗಿ ಉಣ್ಣುತ್ತಿಲ್ಲ ಎಂದ ಅಲಿಕುಂಞಿ. ಗುಂಡು ಒಳ್ಳೆಯದೇ ಅಲ್ಲವಾ ಎಂದೂ ಕೇಳಿದ, ತನಗಾಗಿ ಅಲ್ಲ, ಯಾರಿಗಾದರೂ ಹೇಳಬೇಕಾಗಿ ಬಂದರೆ ಎಂಬಂತೆ. ಒಳ್ಳೆಯದು ಎಂದ ಆಲ್ಫೋನ್ಸ್. ಅದು ಬಹಳ ಒಳ್ಳೆಯ ಗುಂಡು.

ಬು ಹಮದ್ ಬಂದರು. ಮೊದಲಿಗಿಂತ ಕುಗ್ಗಿದ ಹಾಗೆ ಕಂಡರು, ಅಥವಾ ಕಂದೂರ ಹೊಸದಿತ್ತು. ನಿಝಾಮುದ್ದೀನ್ ಎದ್ದು ಬಂದು ಕೂರಲು ಹೇಳಿದ, ಅವರು ಕೂರಲಿಲ್ಲ. ಅಲಿಕುಂಞಿಗೆ ಕಣ್ಣಲ್ಲೇ ಹೊರಗೆ ಹೋಗು ಎಂದರು. ನಿಝಾಮುದ್ದೀನ್ ಸೂಕ್ಷ್ಮ ತಿಳಿದವನು, ತಾನೂ ಒಳಗೆ ಸರಿದ. ಕೌಂಟರಿನ ಈಚೆ ಆಲ್ಫೋನ್ಸ್, ಆಚೆ ಅವರು. ಅವರು ಬಲಗೈಯನ್ನು ಗಾಜಿನ ಮೇಲಿಟ್ಟರು, ಬಚ್ಚಿಡಲಿಲ್ಲ. ಅದು ನಡುಗುತ್ತಿತ್ತು, ಬೆರಳಿನ ಬೆಳ್ಳಿಯುಂಗುರ ಗಾಜಿಗೆ ತಾಗಿ ಸಣ್ಣಗೆ, ಬಿಡದೆ, ಸದ್ದು ಮಾಡುತ್ತಿತ್ತು. ಇಬ್ಬರೂ ಅದನ್ನು ನೋಡಿದರು. ಒಬ್ಬರು ನೋಡುತ್ತಿರುವುದನ್ನು ಇನ್ನೊಬ್ಬರೂ ನೋಡಿದರು.

ಅವತ್ತು ಇದನ್ನು ನೋಡಿದ್ದೆಯಾ ಎಂದು ಅವರು ಹಿಂದಿಯಲ್ಲಿ ಕೇಳಿದರು. ಕೋಪ ಇರಲಿಲ್ಲ. ಅಂಗಡಿಯಲ್ಲಿ ಯಾವುದೋ ಸಾಮಾನು ಇದೆಯಾ ಎಂದು ಕೇಳಿದ ಹಾಗೆ ಕೇಳಿದರು.

‘ದೇಖಾ, ಬಾಬಾ.’

ಹಾಗಾದರೆ ಮರೆತಿರಲಿಲ್ಲ. ಅವತ್ತೂ ಮರೆತಿರಲಿಲ್ಲ. ನೀನು ಹೇಳು ಎಂದು ಅವರು ಕೇಳಿದಾಗ ತೋಟೆಯ ಬಗ್ಗೆಯೇ ಕೇಳಿದ್ದು, ಆದರೆ ತೋಟೆಯ ಬಗ್ಗೆ ಮಾತ್ರವೇ ಅಲ್ಲ. ಅವನು ಹೇಳದೆ ತೋಟೆ ಕೊಟ್ಟಾಗ, ಹಾಗಾದರೆ ಕೈ ಇನ್ನೂ ಇದೆ ಎಂದು ನಂಬಿಕೊಂಡು ಹೋಗಿದ್ದರು. ಮಗ ನಳಿಕೆ ಹಿಡಿದದ್ದು ಗೊತ್ತಿದ್ದೂ, ಉಸ್ಮಾನ್ ಬಟ್ಟಲು ಒಯ್ದದ್ದು ಗೊತ್ತಿದ್ದೂ, ಆಲ್ಫೋನ್ಸ್ ಕೊಟ್ಟನಲ್ಲ ಎಂಬ ಒಂದೇ ಮಾತಿನ ಮೇಲೆ ಕುದುರೆ ಹತ್ತಿದ್ದರು. ಅವನಿಗೆ ತಲೆ ಎತ್ತಲಾಗಲಿಲ್ಲ.

‘ಬೋಲಾ ನಹೀಂ,’ ಎಂದರು ಬು ಹಮದ್.

ಹೇಳಿದ್ದೆ ಬಾಬಾ ಎನ್ನಬಹುದಿತ್ತು. ಈದ್ ಖಲಾಸ್ ಎಂದಿದ್ದೆ, ನಿಮಗೆ ಹಬ್ಬವಾಗಿ ಕೇಳಿಸಿತು, ನನ್ನ ಗಂಟಲಿಗೆ ಆ ಅಕ್ಷರ ಬರುವುದಿಲ್ಲ, ನನ್ನ ಮಗಳನ್ನು ಕೇಳಿ ಎನ್ನಬಹುದಿತ್ತು. ಅವರು ನಂಬುತ್ತಿದ್ದರು. ಬಹುಶಃ ನಗುತ್ತಲೂ ಇದ್ದರು. ಒಂದು ತಿಂಗಳಿಂದ ಅವನು ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದುದು ಈ ಒಂದು ಕ್ಷಣಕ್ಕಾಗಿಯೇ. ಉಂಗುರ ಗಾಜಿನ ಮೇಲೆ ಸದ್ದು ಮಾಡುತ್ತಲೇ ಇತ್ತು.

‘ನಹೀಂ ಬೋಲಾ,’ ಎಂದ.

ಬು ಹಮದ್ ತಲೆಯಾಡಿಸಿದರು. ಕೈ ತೆಗೆದುಕೊಂಡರು. ವೀಟಾ ಹೇಗಿದ್ದಾಳೆ ಎಂದು ಕೇಳಲಿಲ್ಲ. ಬಾಗಿಲ ಬಳಿ ಕಾಯುತ್ತಿದ್ದ ಅಲಿಕುಂಞಿ ತೋಳು ಹಿಡಿಯಲು ಮುಂದೆ ಬಂದ, ಈ ಸಲ ಅವರು ಹಿಡಿಯಲು ಬಿಟ್ಟರು.

ಕೈ ನಡುಗುವ ದಿನ ಹೇಳುತ್ತೇನೆ, ಆ ದಿನ ತೋಟೆ ಕೊಡುವುದಿಲ್ಲ ಎಂದು ಆಲ್ಫೋನ್ಸ್ ಮಾತು ಕೊಟ್ಟಿದ್ದ. ಹೇಳಲಿಲ್ಲ. ತೋಟೆ ಕೊಟ್ಟ.